ಮಧುಮೇಹ: ತಪಾಸಣೆಯ ನಂತರದ ಲೆಕ್ಕವನ್ನೂ ಕೊಡಬೇಕು



2024ರ ಅಕ್ಟೋಬರ್‌ನಲ್ಲಿ ಕೋಲಾರದಲ್ಲಿ ಆರಂಭವಾಗಿ ಬಳಿಕ ಇತರ ಜಿಲ್ಲೆಗಳಿಗೂ ವಿಸ್ತರಿಸಿದ ರಾಜ್ಯ ಸರ್ಕಾರದ ಗೃಹ ಆರೋಗ್ಯ ಯೋಜನೆಯು ಮೂವತ್ತು ವರ್ಷ ದಾಟಿದವರ ಮನೆಬಾಗಿಲಿಗೇ ಹೋಗಿ ಮಧುಮೇಹ, ರಕ್ತದೊತ್ತಡ ಮೊದಲಾದ ಅಸಾಂಕ್ರಾಮಿಕ ರೋಗಗಳನ್ನು, ಅಂದರೆ ಒಬ್ಬರಿಂದೊಬ್ಬರಿಗೆ ಹರಡದ ದೀರ್ಘಕಾಲದ ಕಾಯಿಲೆಗಳನ್ನು, ಪತ್ತೆಹಚ್ಚುವ ಸ್ವಾಗತಾರ್ಹ ಕ್ರಮವಾಗಿದೆ. ಆದರೆ ಇಂಥ ಕಾರ್ಯಕ್ರಮಗಳ ಯಶಸ್ಸನ್ನು ತಪಾಸಣೆಗೆ ಒಳಗಾದವರ ಸಂಖ್ಯೆಯಿಂದ ಅಳೆಯುವುದೂ, ನಡುವೆ ಮಾತ್ರೆ ಬಿಟ್ಟವರನ್ನು ತಿಳಿವಳಿಕೆಯಿಲ್ಲದ ಹಳ್ಳಿಗರೆಂದು ದೂರುವುದೂ ರೂಢಿಯಾಗಿರುವುದು ಆಕ್ಷೇಪಾರ್ಹ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯು ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆಂದು ಅಂದಾಜಿಸಿತು. ಗ್ರಾಮೀಣ ಪ್ರಮಾಣ ಶೇ 8.9ರಷ್ಟಿದ್ದು ನಗರದ ಶೇ 16.4ಕ್ಕಿಂತ ಕಡಿಮೆಯೆನಿಸಿದರೂ, ಬಹುಪಾಲು ಜನ ಹಳ್ಳಿಗಳಲ್ಲೇ ಇರುವುದರಿಂದ ಅದು ಕೋಟಿಗಟ್ಟಲೆ ಜನರ ಮಾತಾಗುತ್ತದೆ. ಚಿಕಿತ್ಸೆಯನ್ನು ತಪ್ಪದೆ ಪಾಲಿಸದಿರುವುದು ಅನಕ್ಷರತೆಯ ಫಲವೆಂಬ ವಾದವೂ ನಿಲ್ಲುವುದಿಲ್ಲ. ಅಭಿವೃದ್ಧಿ ಹೊಂದಿದ ದೇಶಗಳಲ್ಲೂ ದೀರ್ಘಕಾಲದ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ಮಾತ್ರ ವೈದ್ಯರು ಹೇಳಿದಂತೆ ಔಷಧ ಸೇವಿಸುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲೇ ತಿಳಿಸಿತ್ತು.

ತಪ್ಪು ನಂಬಿಕೆಗಳಿರುವುದು ನಿಜ. ಅನ್ನ ಬಿಟ್ಟು ರಾಗಿಮುದ್ದೆಯನ್ನು ಎಷ್ಟು ಉಂಡರೂ ಬಾಧೆಯಿಲ್ಲವೆಂಬುದು, ಮಾತ್ರೆಯಿಂದಲೇ ಮೂತ್ರಪಿಂಡ ಕೆಡುತ್ತದೆಂಬುದು (ಕೆಡಿಸುವುದು ಹತೋಟಿ ತಪ್ಪಿದ ಸಕ್ಕರೆ), ‘ಶುಗರ್ ನಾರ್ಮಲ್ ಬಂತು’ ಎಂದ ಕೂಡಲೇ ಔಷಧ ನಿಲ್ಲಿಸುವುದು ಎಲ್ಲೆಡೆ ಕಾಣುತ್ತವೆ. ಜ್ವರ ಇಳಿದೊಡನೆ ಮಾತ್ರೆ ನಿಲ್ಲಿಸಿ ಅಭ್ಯಾಸವಾದವರಿಗೆ, ಸಕ್ಕರೆ ಇಳಿದಿರುವುದು ಮಾತ್ರೆಯ ಕೆಲಸವೇ ಹೊರತು ಕಾಯಿಲೆ ಹೋದುದರ ಗುರುತಲ್ಲ ಎಂಬುದನ್ನು ಬಿಡಿಸಿ ಹೇಳಲು ಜನದಟ್ಟಣೆಯ ಆಸ್ಪತ್ರೆಯಲ್ಲಿ ಯಾರಿಗೆ ಬಿಡುವಿದೆ?

ತಿಳಿವಳಿಕೆಯೊಂದರಿಂದಲೇ ತೀರದ ತೊಡಕುಗಳೂ ಇವೆ. ಗ್ಲಿಮೆಪಿರೈಡ್‌ನಂಥ ಮಾತ್ರೆ ಇನ್ಸುಲಿನ್ ಸ್ರವಿಸುವಂತೆ ಮೇದೋಜೀರಕ ಗ್ರಂಥಿಯನ್ನು ಪ್ರಚೋದಿಸುವುದರಿಂದ, ಅದನ್ನು ನುಂಗಿದ ಬಳಿಕ ಹೊತ್ತಿಗೆ ಸರಿಯಾಗಿ ಉಣ್ಣದಿದ್ದರೆ ರಕ್ತದ ಸಕ್ಕರೆ ಮಿತಿಮೀರಿ ಕುಸಿದು, ಬೆವರು, ನಡುಕ, ಕಣ್ಣು ಕತ್ತಲಿಡುವಿಕೆ ಉಂಟಾಗುತ್ತವೆ. ಬೆಳಗಿನ ಮಾತ್ರೆ ನುಂಗಿ ಬರಿಹೊಟ್ಟೆಯಲ್ಲೇ ಕೂಲಿಗೆ ಹೋಗಿ, ಹೊಲದ ನಡುವೆ ಹೀಗೆ ಕುಸಿದು ಕುಳಿತ ಮಹಿಳೆ ಮರುದಿನ ಆ ಮಾತ್ರೆಯನ್ನು ಮುಟ್ಟದಿದ್ದರೆ ಅದು ಅಜ್ಞಾನವಲ್ಲ, ಜೀವ ಉಳಿಸಿಕೊಳ್ಳುವ ಎಚ್ಚರ. ಆಕೆಯ ದಿನಚರಿ ಕೇಳಿ ಮಾತ್ರೆಯನ್ನೋ ಹೊತ್ತನ್ನೋ ಬದಲಿಸಬೇಕಾದದ್ದು ವೈದ್ಯರ ಹೊಣೆ. ತೆರೆಯದ ಇನ್ಸುಲಿನ್‌ ಅನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕೆಂದು ಹೇಳಿ ಕಳಿಸುವವರು, ಮನೆಯಲ್ಲಿ ಫ್ರಿಜ್ ಇದೆಯೇ ಎಂದು ಕೇಳಿ, ಇಲ್ಲವಾದರೆ ಮಣ್ಣಿನ ಮಡಕೆಯ ತಂಪಿನಲ್ಲಿ ಅದನ್ನು ಇಡುವ ಬಗೆಯನ್ನೂ ತೋರಿಸಿಕೊಡಬೇಕು.

ಔಷಧವನ್ನು ಒಮ್ಮೆಗೆ ಕನಿಷ್ಠ ಒಂದು ತಿಂಗಳಿಗಾಗುವಷ್ಟು ಕೊಡಬೇಕು, ಏಕೆಂದರೆ ಉಚಿತ ಮಾತ್ರೆಗಾಗಿ ಪದೇ ಪದೇ ಒಂದು ದಿನದ ಕೂಲಿ ಮತ್ತು ಬಸ್ ಚಾರ್ಜು ಕಳೆದುಕೊಳ್ಳುವವರ ಪಾಲಿಗೆ ಅದು ಉಚಿತವಾಗಿ ಉಳಿಯುವುದಿಲ್ಲ. ಹಿಂದಿನ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ತಾಲ್ಲೂಕು ಮಟ್ಟದಲ್ಲಾದರೂ ಎಲ್ಲರಿಗೂ ಸಿಗಬೇಕು. 2017ರಲ್ಲಿ ಆರಂಭವಾದ ಭಾರತದ ಅಧಿಕ ರಕ್ತದೊತ್ತಡ ನಿಯಂತ್ರಣ ಉಪಕ್ರಮವು ನೋಂದಾಯಿತರಲ್ಲಿ ಎಷ್ಟು ಜನರ ಒತ್ತಡ ಹತೋಟಿಗೆ ಬಂದಿದೆ ಎಂಬುದನ್ನೇ ಅಳತೆಗೋಲಾಗಿ ಇಟ್ಟುಕೊಂಡಿರುವಾಗ, ಮಧುಮೇಹಕ್ಕೆ ಅದು ಅಸಾಧ್ಯವೆನ್ನಲಾಗದು. ಆದ್ದರಿಂದ ಆರೋಗ್ಯ ಇಲಾಖೆಯು ಪತ್ತೆಯಾದವರಲ್ಲಿ ಒಂದು ವರ್ಷದ ನಂತರವೂ ಚಿಕಿತ್ಸೆಯಲ್ಲಿರುವವರು ಎಷ್ಟು, ಅವರಲ್ಲಿ ಸಕ್ಕರೆ ಹತೋಟಿಯಲ್ಲಿರುವವರು ಎಷ್ಟು, ಬಿಟ್ಟುಹೋದವರು ಯಾವ ಕಾರಣಕ್ಕೆ ಬಿಟ್ಟರು ಎಂಬುದನ್ನು ತಾಲ್ಲೂಕುವಾರು ಪ್ರಕಟಿಸಬೇಕು.

– ಓದುಗರೊಬ್ಬರು, ಕೋಲಾರ ಜಿಲ್ಲೆ