ಕಲ್ಲು ಒಡೆದು ಹೋಗಿದೆಯೋ, ಒಡೆದು ಹಾಕಿದ್ದಾರೋ

ಶಹಾಬಾದಿನ ಗಣಿಯಲ್ಲಿ ಪರ್ಸಿ ಕಲ್ಲು ಎಬ್ಬಿಸುವಾಗ ಅದು ತುಂಡಾದರೆ ‘ಕಲ್ಲು ಒಡೆದು ಹೋಗ್ಯದ’ ಎನ್ನಬಹುದು, ‘ಅವ ಕಲ್ಲು ಒಡೆದು ಹಾಕ್ಯಾನ’ ಎಂದೂ ಎನ್ನಬಹುದು. ಮೊದಲ ಮಾತಿನಲ್ಲಿ ಕಲ್ಲಿನ ಸ್ಥಿತಿಯೇ ಬದಲಾಗಿದೆ. ಎರಡನೆಯದರಲ್ಲಿ ಒಬ್ಬನ ಕೈ ಇದೆ. ಮೇಷ್ಟ್ರು ಹೇಳಿಕೊಡದೆಯೇ ನಮ್ಮ ಮಕ್ಕಳು ‘ಹೋಗು’, ‘ಹಾಕು’ಗಳನ್ನು ಸರಿಯಾಗಿ ಆರಿಸುತ್ತಾರೆ. ಜರ್ಮನ್ ಕೂಡ ಇಲ್ಲಿ ಸಹಾಯಕ ಕ್ರಿಯಾಪದವನ್ನೇ ಬದಲಿಸುತ್ತದೆ: ಕಲ್ಲು ತಾನಾಗಿ ಒಡೆದರೆ ‘ಇಸ್ಟ್ ತ್ಸೆರ್‌ಬ್ರೋಖನ್’, ಯಾರಾದರೂ ಒಡೆದರೆ ‘ಹಾಟ್ ತ್ಸೆರ್‌ಬ್ರೋಖನ್’. ‘ಇಸ್ಟ್’ ಬರುವುದು ‘ಇರು’ ಎಂಬರ್ಥದ ‘ಝೈನ್’ನಿಂದ, ‘ಹಾಟ್’ ಬರುವುದು ‘ಹೊಂದಿರು’ ಎಂಬರ್ಥದ ‘ಹಾಬೆನ್’ನಿಂದ.

ನರ್ಸಿಂಗ್ ಮುಗಿಸಿ ಜರ್ಮನಿಯತ್ತ ನೋಡುವ ಸೇಡಂ, ಚಿತ್ತಾಪುರದ ಹುಡುಗ ಹುಡುಗಿಯರಿಗೆ ಈ ಪಾಠವನ್ನು ಇಂಗ್ಲಿಷಿನ ಮೂಲಕ ಕಲಿಸುವುದು ತಪ್ಪು ದಾರಿ ಎಂದೇ ನನ್ನ ವಾದ. ಇಂದಿನ ಇಂಗ್ಲಿಷಿನಲ್ಲಿ ಹೋದದ್ದಕ್ಕೂ ತಿಂದದ್ದಕ್ಕೂ ‘ಹ್ಯಾವ್’ ಒಂದೇ. ಅದನ್ನು ನೆಚ್ಚಿಕೊಂಡವರು ‘ಹೋಗಿದ್ದೇನೆ’ ಎನ್ನಲು ‘ಇಷ್ ಹಾಬೆ ಗೆಗಾಂಗನ್’ ಎಂದು ಎಡವುತ್ತಾರೆ. ಸರಿಯಾದದ್ದು ‘ಇಷ್ ಬಿನ್ ಗೆಗಾಂಗನ್’. ಕನ್ನಡದಿಂದ ಹೊರಟವರಿಗೆ ದಾರಿ ಹತ್ತಿರ. ಚಿಂಚೋಳಿಯ ಹೊಲದಲ್ಲಿ ತೊಗರಿ ‘ಒಣಗಿ ಹೋಗ್ಯದ’ ಎಂದರೆ ಅಲ್ಲಿ ‘ಝೈನ್’. ಮನುಷ್ಯ ‘ಸತ್ತು ಹೋದ’ ಎಂದರೂ ‘ಝೈನ್’. ಮಲಗಿ ನಿದ್ರಿಸಿದ್ದಕ್ಕೆ ‘ಹಾಬೆನ್’, ಆದರೆ ನಿದ್ದೆ ‘ಹೋದ’ ಗಳಿಗೆಗೆ ‘ಝೈನ್’. ಜರ್ಮನ್ ಕಲಿಯುವವರನ್ನು ಬಹಳ ಕಾಡುವ, ‘ಉಳಿ’ ಎಂಬರ್ಥದ ‘ಬ್ಲೈಬೆನ್’ ಕೂಡ ‘ಝೈನ್’ ಕೇಳುತ್ತದೆ; ನಾವೂ ‘ಅಲ್ಲೇ ಉಳಿದು ಹೋದ’ ಎನ್ನುತ್ತೇವಲ್ಲ!

ಎರಡು ಭಾಷೆಗಳು ಎಲ್ಲ ಕಡೆ ಹೀಗೆ ಕೂಡುವುದಿಲ್ಲ, ಇದನ್ನೇ ನಂಬಿದವರು ಮೋಸಹೋಗುತ್ತಾರೆ ಎಂಬ ಆಕ್ಷೇಪಕ್ಕೆ ತೂಕವಿದೆ. ‘ಶುರುವಾಗಿ ಹೋಯಿತು’ ಎನ್ನುತ್ತೇವೆ, ಜರ್ಮನ್ ಅಲ್ಲಿ ‘ಹಾಬೆನ್’ ಬಳಸುತ್ತದೆ. ವಾಡಿ ಜಂಕ್ಷನ್ನಿನಲ್ಲಿ ‘ಗಾಡಿ ಬಂದು ಹೋಯ್ತು’ ಎಂದರೆ ಬಂದು ಹೊರಟಿತು ಎಂದರ್ಥ; ಆ ‘ಹೋಗು’ ಸಹಾಯಕವೇ ಅಲ್ಲ. ಹಾಗಾಗಿ ಒಂದೆಡೆಯಿಂದ ಇನ್ನೊಂದೆಡೆಗೆ ಚಲಿಸಿದ್ದಕ್ಕೆ ‘ಝೈನ್’ ಎಂಬುದನ್ನು ಬೇರೆಯಾಗಿಯೇ ಹೇಳಿಕೊಡಬೇಕು, ಹೊಂದದ ಪದಗಳನ್ನು ಬಾಯಿಪಾಠ ಮಾಡಿಸಬೇಕು. ಆದರೆ ಇಂಗ್ಲಿಷಿನಿಂದ ಹೋದವರಿಗೂ ಆ ಪಟ್ಟಿ ತಪ್ಪುವುದಿಲ್ಲ. ಅವರ ಪಟ್ಟಿ ಇನ್ನೂ ಉದ್ದ, ಅದರ ಹಿಂದಿನ ಕಾರಣವೂ ಅವರಿಗೆ ಕಾಣುವುದಿಲ್ಲ.

‘ಹೋಗ್ಯದ’, ‘ಹಾಕ್ಯಾನ’ದಂಥ ಆಡುಮಾತನ್ನು ತರಗತಿಗೆ ತರುವುದೇಕೆ ಎನ್ನುವವರಿದ್ದಾರೆ. ಆದರೆ ಜರ್ಮನ್ ಕೂಡ ಎಲ್ಲೆಡೆ ಒಂದೇ ಅಲ್ಲ: ಕುಳಿತಿದ್ದೆ, ನಿಂತಿದ್ದೆ ಎನ್ನಲು ಉತ್ತರ ಜರ್ಮನಿಯವರು ‘ಹಾಬೆನ್’ ಬಳಸಿದರೆ ದಕ್ಷಿಣದವರು, ಆಸ್ಟ್ರಿಯಾದವರು ‘ಝೈನ್’ ಬಳಸುತ್ತಾರೆ. ಆ ಪ್ರಾದೇಶಿಕ ರೂಪಕ್ಕೆ ವ್ಯಾಕರಣ ಗ್ರಂಥಗಳಲ್ಲಿ ಜಾಗವಿದೆ. ನಮ್ಮಲ್ಲೂ ಇದು ಹೊಸದಲ್ಲ. ರಾಷ್ಟ್ರಕೂಟರ ಮಾನ್ಯಖೇಟ, ಇಂದಿನ ಮಳಖೇಡ, ಇದೇ ಸೇಡಂ ತಾಲೂಕಿನಲ್ಲಿದೆ. ಕನ್ನಡ ನಾಡಿನೊಳಗೇ ನುಡಿ ಹಲವು ಬಗೆ ಎಂದು ಗುರುತಿಸಿದ ಕವಿರಾಜಮಾರ್ಗ ಹುಟ್ಟಿದ್ದು ಆ ಆಸ್ಥಾನದಲ್ಲಿ. ಕನ್ನಡದ ಸಹಾಯಕ ಕ್ರಿಯಾಪದಗಳಿಂದ ಶುರುಮಾಡುವ ಜರ್ಮನ್ ಪಾಠಪುಸ್ತಕವೊಂದನ್ನು ಕಲಬುರಗಿಯ ವಿಶ್ವವಿದ್ಯಾಲಯಗಳು ಸಿದ್ಧಪಡಿಸಲಿ, ಅದರ ಮೊದಲ ಉದಾಹರಣೆ ಶಹಾಬಾದಿನ ಕಲ್ಲೇ ಆಗಿರಲಿ.