ಯುದ್ಧ ಎಲ್ಲೋ, ಕಂಟ್ರೋಲು ನಮ್ಮ ಹೊಲಕ್ಕೆ

2022ರ ಮುಂಗಾರಿನಲ್ಲಿ ಪೊಟ್ಯಾಷ್ ತರಲು ಮೈಸೂರಿಗೆ ಹೋಗಿದ್ದೆ. ಹಿಂದಿನ ವರ್ಷ ಸಾವಿರ ರೂಪಾಯಿ ಆಸುಪಾಸಿನಲ್ಲಿದ್ದ 50 ಕೆ.ಜಿ. ಚೀಲಕ್ಕೆ ಅಂಗಡಿಯವರು 1,700 ಅಂದರು. "ಯಾಕ್ರೀ ಇಷ್ಟು?" ಅಂತ ಕೇಳಿದೆ. "ರಷ್ಯಾ-ಉಕ್ರೇನ್ ಯುದ್ಧ ಯಜಮಾನ್ರೆ. ಪೊಟ್ಯಾಷ್ ಬರೋದೆಲ್ಲ ಹೊರದೇಶದಿಂದ" ಅಂದರು. ಜಯಪುರ ಹೋಬಳಿಯಲ್ಲಿ ನನಗಿರೋದು ಮೂರೆಕರೆ ಮಳೆ ಆಶ್ರಯದ ಹೊಲ. ಎಲ್ಲೋ ಬಿದ್ದ ಬಾಂಬಿಗೂ ನನ್ನ ಹೊಲಕ್ಕೂ ಇಷ್ಟು ಹತ್ತಿರದ ನಂಟು ಇದೆಯಲ್ಲ ಅಂತ ಅವತ್ತು ಬಸ್ಸಿನಲ್ಲಿ ಯೋಚನೆ ಮಾಡುತ್ತಾ ಬಂದೆ.

ಬಸ್ಸು ಮಾನಂದವಾಡಿ ರಸ್ತೆಯಲ್ಲಿ ಬರುವಾಗ ಗಂಧದೆಣ್ಣೆ ಕಾರ್ಖಾನೆ ಸಿಗುತ್ತದೆ. ಅದೂ ಒಂದು ಯುದ್ಧದಿಂದಲೇ ಹುಟ್ಟಿದ್ದು. ಮೈಸೂರು ಸರ್ಕಾರ ಮೊದಲೆಲ್ಲ ಗಂಧದ ತುಂಡುಗಳನ್ನು ಹರಾಜು ಹಾಕುತ್ತಿತ್ತು. ಹೆಚ್ಚಿನ ಪಾಲು ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆ ತೆಗೆಯುತ್ತಿದ್ದರು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು, ಜರ್ಮನಿಯ ವ್ಯಾಪಾರ ನಿಂತಿತು, ಮರ ಇಲ್ಲೇ ರಾಶಿ ಬಿತ್ತು. ಆಗ ನಾವೇ ಯಾಕೆ ಎಣ್ಣೆ ತೆಗೀಬಾರದು ಅಂತ 1916ರಲ್ಲಿ ಬೆಂಗಳೂರಲ್ಲಿ, 1917ರಲ್ಲಿ ಮೈಸೂರಲ್ಲಿ ಕಾರ್ಖಾನೆ ಮಾಡಿದರು. ಸರ್ಕಾರಕ್ಕೆ ಒಳ್ಳೇದಾಯ್ತು. ಗಂಧದ ಮರ ಬೆಳೆದ ಹೊಲದವನಿಗೆ? ಮರ ಅವನ ಬದುವಿನಲ್ಲಿದ್ದರೂ ಸರ್ಕಾರದ್ದೇ. 2001ರಲ್ಲಿ ಕಾಯ್ದೆ ತಿದ್ದಿದ ಮೇಲೆ ತಾನೆ ನಮ್ಮ ಹೊಲದ ಗಂಧ ನಮ್ಮದಾಗಿದ್ದು!

ಅದೇ ಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆ ಹೈಫಾದಲ್ಲಿ ಹೋರಾಡಿ ಗೆದ್ದದ್ದನ್ನು ಭಾಷಣಗಳಲ್ಲಿ ಕೇಳುತ್ತೇವೆ. ಹೆಮ್ಮೆಯ ಮಾತೇ. ಆದರೆ ಯುದ್ಧದ ಕಾಲದಲ್ಲಿ ಊರಲ್ಲಿ ಉಳಿದು ನೇಗಿಲು ಹಿಡಿದವನ ಕಥೆಯನ್ನು ಯಾರೂ ಹೇಳಲ್ಲ. ನಮ್ಮ ಅಜ್ಜಿ ಹೇಳೋಳು.

ಅಜ್ಜಿಯ ತೂತಿನ ಕಾಸು

ಅಜ್ಜಿಯ ಹತ್ತಿರ ನಡುವೆ ತೂತಿರುವ ಕಾಸುಗಳ ಒಂದು ಸರ ಇತ್ತು. ಎರಡನೇ ಮಹಾಯುದ್ಧದಲ್ಲಿ ತಾಮ್ರ ಉಳಿಸಲು 1943ರಿಂದ ಸರ್ಕಾರ ಹೊರಡಿಸಿದ ಕಾಸು ಅವು. "ಆ ಯುದ್ಧ ಕಾಸಿಗೂ ತೂತು ಹೊಡೀತು ಕಣಪ್ಪ, ನಮ್ಮ ಕಣಜಕ್ಕೂ ಹೊಡೀತು" ಅನ್ನೋಳು.

1942ರ ಮಾರ್ಚಿನಲ್ಲಿ ಜಪಾನಿನವರು ರಂಗೂನು ಹಿಡಿದರು. ಬರ್ಮಾದಿಂದ ಬರುತ್ತಿದ್ದ ಅಕ್ಕಿ ನಿಂತಿತು, ಸೀಮೆಎಣ್ಣೆಗೂ ತತ್ವಾರ ಆಯಿತು. ಮೈಸೂರು ಪಟ್ಟಣದಲ್ಲಿ ರೇಷನ್ ಬಂತು. ಪಟ್ಟಣಕ್ಕೆ ಕೊಡೋದಕ್ಕೆ ಧಾನ್ಯ ಬೇಕಲ್ಲ, ಹಳ್ಳಿಗೆ ಲೆವಿ ಬಂತು. ಮನೆ ಖರ್ಚಿಗೆ ಇಷ್ಟು, ಬಿತ್ತನೆಗೆ ಇಷ್ಟು ಅಂತ ಬಿಟ್ಟು ಉಳಿದ ರಾಗಿಯನ್ನು ಗೊತ್ತು ಮಾಡಿದ ಬೆಲೆಗೆ ಕೊಡಬೇಕು. ಅಳೆಯೋದಕ್ಕೆ ಕಣಕ್ಕೇ ಬರೋರಂತೆ. ಆದರೆ ನಮಗೆ ಬೇಕಾದ ಬಟ್ಟೆ, ಸೀಮೆಎಣ್ಣೆ ಗೊತ್ತು ಮಾಡಿದ ಬೆಲೆಗೆ ಸಿಗುತ್ತಿತ್ತೆ? ಡಿಪೋದಲ್ಲಿ "ಇಲ್ಲ", ಹಿಂಬಾಗಿಲಲ್ಲಿ ದುಪ್ಪಟ್ಟು. ಮನೆಯಲ್ಲಿ ಹೊಂಗೆ ಎಣ್ಣೆ ದೀಪ ಹಚ್ಚಿದರು. ಒಂದೇ ಸೀರೆಯಲ್ಲಿ ಅಜ್ಜಿ ವರ್ಷ ಕಳೆದಳಂತೆ.

ನಮ್ಮ ತಾತ ಎರಡು ಖಂಡುಗ ರಾಗಿಯನ್ನು ಹಗೇವಿಗೆ ಹಾಕಿ, ಬಾಯಿ ಮುಚ್ಚಿ, ಮೇಲೆ ಹುಲ್ಲು ಒಟ್ಟಿದ್ದನಂತೆ. ಅದರಲ್ಲಿ ಅರ್ಧ ಮನೆಯವರ ಹೊಟ್ಟೆಗೆ ಹೋಯ್ತು. ಇನ್ನರ್ಧ ರಾತ್ರಿ ಹೊತ್ತು ಹೆಚ್ಚಿನ ಬೆಲೆಗೆ ಹೋಯ್ತು ಅನ್ನೋದನ್ನೂ ಅಜ್ಜಿ ಮುಚ್ಚಿಡಲಿಲ್ಲ. ನಾನೂ ಮುಚ್ಚಿಡೋದಿಲ್ಲ. ತಾತ ಮಾಡಿದ್ದು ಸರಿ ಅನ್ನಲಾರೆ. 1943ರಲ್ಲಿ ಬಂಗಾಳದಲ್ಲಿ ಅನ್ನವಿಲ್ಲದೆ ಲಕ್ಷಾಂತರ ಜನ ಸತ್ತರು. ನಮ್ಮಲ್ಲಿ ಹಂಗಾಗಲಿಲ್ಲ ಅಂದರೆ ಅದಕ್ಕೆ ರೇಷನ್ನೂ ಒಂದು ಕಾರಣ. ಪಟ್ಟಣದ ಕೂಲಿಯವನ ಹೊಟ್ಟೆಯೂ ಹೊಟ್ಟೆಯೇ. ಆದರೆ ನಮ್ಮ ಮಾಲಿಗೆ ಕಂಟ್ರೋಲು, ನಾವು ಕೊಳ್ಳೋದಕ್ಕೆ ಕಾಳಸಂತೆ ಅಂತಾದರೆ ರೈತ ಕಳ್ಳನಾಗದೆ ಇನ್ನೇನಾದಾನು?

1945ಕ್ಕೆ ಯುದ್ಧ ಮುಗೀತು, ಕಂಟ್ರೋಲು ಮುಗೀಲಿಲ್ಲ. ಯುದ್ಧಕಾಲದ ನಿಯಮಗಳು 1946ರಲ್ಲಿ ತಾತ್ಕಾಲಿಕ ಕಾಯ್ದೆಯಾದವು, 1955ರಲ್ಲಿ ಅಗತ್ಯ ವಸ್ತುಗಳ ಕಾಯ್ದೆಯಾಗಿ ನೆಲೆ ನಿಂತವು. ನೆಂಟನ ಹಾಗೆ ಬಂದದ್ದು ಮನೆಯಳಿಯನಾಯ್ತು.

ಸೂರ್ಯಕಾಂತಿಯ ಪಾಠ

ಇದು ಹಳೇ ಕಥೆ ಅನ್ನಬೇಡಿ. 2022ರಲ್ಲಿ ಉಕ್ರೇನಿನ ಯುದ್ಧದಿಂದ ಸೂರ್ಯಕಾಂತಿ ಎಣ್ಣೆ ಬರೋದು ಕಡಿಮೆಯಾಗಿ ಬೆಲೆ ಮೇಲಕ್ಕೆ ಹೋಯ್ತು. ಅದನ್ನು ನೋಡಿ ಮುಂದಿನ ವರ್ಷ ನಾನೂ ಎರಡೆಕರೆಗೆ ಸೂರ್ಯಕಾಂತಿ ಹಾಕಿದೆ. ಬೀಜ ದುಬಾರಿ, ಗೊಬ್ಬರ ದುಬಾರಿ. ಅಷ್ಟರಲ್ಲಿ ಸರ್ಕಾರ ಪೇಟೆ ಬೆಲೆ ಇಳಿಸಲು ವರ್ಷಕ್ಕೆ 20 ಲಕ್ಷ ಟನ್ ಕಚ್ಚಾ ಸೂರ್ಯಕಾಂತಿ ಎಣ್ಣೆಯನ್ನು ಸುಂಕವಿಲ್ಲದೆ ತರಿಸಲು ಎರಡು ವರ್ಷಕ್ಕೆ ಅಪ್ಪಣೆ ಕೊಟ್ಟಿತ್ತು. 2023ರಲ್ಲಿ ನನ್ನ ಬೆಳೆ ಕೈಗೆ ಬಂದಾಗ ಬೆಂಬಲ ಬೆಲೆ ಕ್ವಿಂಟಲಿಗೆ 6,760, ನನ್ನ ಕೈಗೆ ಸಿಕ್ಕಿದ್ದು 4,600. ಬೆಲೆ ಏರಿದಾಗ ಗೊಬ್ಬರದವನಿಗೆ ಕೊಟ್ಟೆ, ಇಳಿದಾಗ ಮಾಲು ಮಾರಿದೆ. ಅಜ್ಜಿಯ ಕಾಲಕ್ಕೂ ನನ್ನ ಕಾಲಕ್ಕೂ ಏನು ವ್ಯತ್ಯಾಸ?

ಅಡಿಗೆ ಮನೆಯವರಿಗೆ ಎಣ್ಣೆ ಅಗ್ಗ ಆಗಬೇಡ ಅಂತ ನಾನು ಹೇಳುತ್ತಿಲ್ಲ. ನಮ್ಮ ಮನೆಯಲ್ಲೂ ಎಣ್ಣೆ ಕೊಳ್ಳುತ್ತೇವೆ. ನಾನು ಕೇಳೋದು ಇಷ್ಟೆ: ಯುದ್ಧದ ಹೆಸರಲ್ಲಿ ಸುಂಕ ತೆಗೆಯುವ ಅಥವಾ ರಫ್ತು ನಿಲ್ಲಿಸುವ ಆದೇಶ ಬಂದ ದಿನವೇ, ಆ ಬೆಳೆಯನ್ನು ಬೆಂಬಲ ಬೆಲೆಗೆ ಕೊಳ್ಳುತ್ತೇವೆ ಅನ್ನುವ ಆದೇಶವೂ ಬರಲಿ. ಖರೀದಿ ಕೇಂದ್ರ ಕೊಯ್ಲಿಗೆ ಮುಂಚೆ ತೆರೆಯಲಿ, ನಾವು ಮಾರಿ ಸಾಲ ತೀರಿಸಿದ ಮೇಲಲ್ಲ. ಕಷ್ಟ ಹಂಚಿಕೊಳ್ಳೋಣ, ಆದರೆ ಒಬ್ಬನ ತಲೆ ಮೇಲೇ ಹೊರಿಸೋದು ಬೇಡ.

ನಮ್ಮ ಕೈಯಲ್ಲಿರೋದು

ಸರ್ಕಾರ ಕೇಳುವವರೆಗೆ ಸುಮ್ಮನೆ ಕೂರಬೇಕಾಗಿಲ್ಲ. ಆ ಪೆಟ್ಟಿನ ಮೇಲೆ ನಾನು ಮೂರು ಬದಲಾವಣೆ ಮಾಡಿದೆ.

ಒಂದು, ಸುಗ್ಗಿಯಲ್ಲಿ ಎಲ್ಲಾ ರಾಗಿ ಮಾರೋದಿಲ್ಲ. ಮನೆಗೆ ಒಂದು ವರ್ಷಕ್ಕೆ ಬೇಕಾದ್ದು ಇಟ್ಟು ಉಳಿದದ್ದನ್ನು ಮಾರುತ್ತೇನೆ. ಹಗೇವು ಈಗಿಲ್ಲ, ಡ್ರಮ್ಮು ಇದೆ. ಚೆನ್ನಾಗಿ ಒಣಗಿಸಿದ ರಾಗಿ ವರ್ಷಗಟ್ಟಲೆ ಕೆಡೋದಿಲ್ಲ.

ಎರಡು, ಬೀಜ. ಸೂರ್ಯಕಾಂತಿ ಹೈಬ್ರಿಡ್ ಬೀಜವನ್ನು ವರ್ಷಾ ವರ್ಷ ಕೊಳ್ಳಲೇಬೇಕು. ಜಿಪಿಯು-28, ಎಂಎಲ್-365 ತರದ ರಾಗಿ ತಳಿಯಾದರೆ ಒಳ್ಳೇ ತೆನೆ ಆರಿಸಿ ಮುಂದಿನ ಬಿತ್ತನೆಗೆ ನಾವೇ ಇಟ್ಟುಕೊಳ್ಳಬಹುದು. ರಾಗಿ ನಡುವೆ ಅಕ್ಕಡಿ ಸಾಲಿಗೆ ಅವರೆ, ಹುಚ್ಚೆಳ್ಳು ಹಾಕುತ್ತೇನೆ. ಮನೆ ಎಣ್ಣೆಯ ಸ್ವಲ್ಪ ಪಾಲು ಹುಚ್ಚೆಳ್ಳಿನಿಂದಲೇ ಬರುತ್ತದೆ.

ಮೂರು, ಗೊಬ್ಬರ. ಒಲೆ ಬೂದಿಯಲ್ಲಿ ಪೊಟ್ಯಾಷ್ ಇದೆ. ಅದನ್ನು ಬೀದಿಗೆ ಎಸೆಯದೆ ತಿಪ್ಪೆಗೆ ಹಾಕುತ್ತೇನೆ. ಕೆರೆ ಗೋಡು ಸಿಕ್ಕಿದಾಗ ಹೊಡೆಸುತ್ತೇನೆ. ಅಂಗಡಿ ಗೊಬ್ಬರ ಪೂರಾ ಬಿಟ್ಟಿಲ್ಲ, ಅರ್ಧಕ್ಕೆ ಇಳಿಸಿದ್ದೇನೆ.

ಇದರಿಂದ ನಾನೇನೂ ಸಾಹುಕಾರ ಆಗಿಲ್ಲ. ಆದರೆ ಮುಂದಿನ ಯುದ್ಧ ಎಲ್ಲೇ ಆಗಲಿ, ಬೆಳಗಿನ ಮುದ್ದೆಗೆ, ಮುಂಗಾರಿನ ಬಿತ್ತನೆಗೆ ಬೇರೆಯವರ ಬಾಗಿಲಿಗೆ ಹೋಗೋದು ತಪ್ಪುತ್ತದೆ. ಅಜ್ಜಿಯ ತೂತಿನ ಕಾಸಿನ ಸರ ಈಗ ನಮ್ಮ ರಾಗಿ ಡ್ರಮ್ಮಿನ ಮೇಲಿನ ಮೊಳೆಗೆ ತೂಗುಹಾಕಿದೆ. ಸುಗ್ಗಿಯಲ್ಲಿ ಎಲ್ಲಾ ಮಾರಿಬಿಡೋಣ ಅಂತ ಮನಸ್ಸಾದಾಗ ಅದನ್ನೊಮ್ಮೆ ನೋಡುತ್ತೇನೆ.