ಬಿಡಿಭಾಗದ ಸುಂಕ, ಬಡವನ ತಲೆಗೆ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಫಲವಿಲ್ಲವೆಂದು ನಮ್ಮ ಹಿರಿಯರು ಹೇಳಿದರು. ಇಂದು ಅವನ ಮುಂದೆ ಹೇಳಬೇಕಾಗಿರುವುದು ಸರಕಿನ ಹೆಸರನ್ನು. ಹೆಸರು ಬದಲಾದರೆ ಸುಂಕ ಬದಲಾಗುತ್ತದೆ. ಸುಂಕ ಬದಲಾದರೆ ಸಣ್ಣ ವ್ಯಾಪಾರಿಯ ಅಂಗಡಿಯೇ ಮುಚ್ಚಬಹುದು. ಹೊರದೇಶದಿಂದ ಬರುವ ಆಟಿಕೆಯ ಬಿಡಿಭಾಗಗಳ ವರ್ಗೀಕರಣದ ವ್ಯಾಜ್ಯವೇ ಇದಕ್ಕೆ ಸಾಕ್ಷಿ.

ಕೇಂದ್ರ ಸರ್ಕಾರವು 2020ರ ಮುಂಗಡಪತ್ರದಲ್ಲಿ ಆಟಿಕೆಗಳ ಮೂಲ ಆಮದು ಸುಂಕವನ್ನು ಶೇಕಡ 20ರಿಂದ 60ಕ್ಕೆ ಏರಿಸಿತು. 2023ರಲ್ಲಿ ಆಟಿಕೆ ಮತ್ತು ಅದರ ಬಿಡಿಭಾಗಗಳಿಗೆ ಅದು 70 ಆಯಿತು. ಎಲೆಕ್ಟ್ರಾನಿಕ್ ಆಟಿಕೆಯ ಬಿಡಿಭಾಗಗಳನ್ನು ಮಾತ್ರ ಈ ಏರಿಕೆಯಿಂದ ಹೊರಗಿಟ್ಟರು. ಸ್ವದೇಶಿ ಕಸುಬುದಾರನ ರಕ್ಷಣೆಗೆ ನಮ್ಮ ವಿರೋಧವಿಲ್ಲ. ಆಲೆಮರವನ್ನು ಕಡೆದು ಅರಗಿನ ಬಣ್ಣ ಕೊಡುವ ಚನ್ನಪಟ್ಟಣದ ಕೈಗೆ ಕೂಲಿ ಉಳಿಯಬೇಕು. ಆದರೆ ರಕ್ಷಣೆಯ ಹೆಸರಿನಲ್ಲಿ ಗೊಂದಲವನ್ನು ಬೆಳೆಸುವುದು ರಕ್ಷಣೆಯಾಗದು.

ಸುಂಕದ ಪಟ್ಟಿಯ 95ನೆಯ ಅಧ್ಯಾಯದ ಟಿಪ್ಪಣಿಯಂತೆ, ಆಟಿಕೆಗೆ ಮಾತ್ರ ಅಥವಾ ಮುಖ್ಯವಾಗಿ ಆಟಿಕೆಗೆ ಒದಗುವ ಬಿಡಿಭಾಗವು ಆಟಿಕೆಯೊಡನೆಯೇ ಸೇರಬೇಕು. ಅದೇ ಅಧ್ಯಾಯದ ಇನ್ನೊಂದು ಟಿಪ್ಪಣಿಯು ವಿದ್ಯುತ್ ಮೋಟಾರನ್ನೂ, ರೇಡಿಯೋ ನಿಯಂತ್ರಕವನ್ನೂ, ಸಾಮಾನ್ಯ ಬಳಕೆಯ ಸ್ಕ್ರೂ, ಸ್ಪ್ರಿಂಗುಗಳನ್ನೂ ಹೊರಗಿಡುತ್ತದೆ. ಇವೆರಡರ ನಡುವೆ ಒಂದು ಪುಟ್ಟ ಪ್ಲಾಸ್ಟಿಕ್ ಚಕ್ರ ಬಂದಿತೆನ್ನಿ. ಅದು ಬರಿಯ ಪ್ಲಾಸ್ಟಿಕ್ ಸಾಮಾನು ಎನ್ನುತ್ತಾನೆ ತಂದವನು. ಆಟಿಕೆಯ ಅಂಗ ಎನ್ನುತ್ತಾನೆ ಅಧಿಕಾರಿ. "ಮುಖ್ಯವಾಗಿ" ಎಂಬ ಒಂದು ಮಾತಿನ ಮೇಲೆ ಸಾವಿರಾರು ರೂಪಾಯಿ ತೂಗುತ್ತದೆ. ಎಲ್ಲ ಭಾಗಗಳೂ ಒಂದೇ ಪೆಟ್ಟಿಗೆಯಲ್ಲಿ ಬಂದರೆ, ಜೋಡಿಸದಿದ್ದರೂ ಅದು ಪೂರ್ಣ ಆಟಿಕೆಯೇ ಎಂಬುದು ಮತ್ತೊಂದು ನಿಯಮ. ಬಿಡಿಭಾಗಕ್ಕೂ ಸಿದ್ಧ ಸರಕಿಗೂ ಒಂದೇ ಸುಂಕವಾದರೆ ಇಲ್ಲಿ ಕುಳಿತು ಜೋಡಿಸುವ ಕಾರ್ಮಿಕನಿಗೆ ಕೆಲಸ ಕೊಡುವವರಾರು?

ಇಂತಹ ವ್ಯಾಜ್ಯ ನಮ್ಮಲ್ಲಿ ಮಾತ್ರವಿಲ್ಲ. ಅಮೆರಿಕದಲ್ಲಿ ಮನುಷ್ಯರೂಪದ ಬೊಂಬೆಗೆ ಶೇಕಡ 12, ಇತರ ಆಟಿಕೆಗೆ 6.8 ಸುಂಕವಿದ್ದ ಕಾಲದ ಸರಕಿನ ಬಗ್ಗೆ ಟಾಯ್ ಬಿಜ್ ಕಂಪನಿ ಮೊಕದ್ದಮೆ ಹೂಡಿತು. ತನ್ನ ಎಕ್ಸ್-ಮೆನ್ ಗೊಂಬೆಗಳು ಮನುಷ್ಯರಲ್ಲವೆಂದು ವಾದಿಸಿತು. 2003ರಲ್ಲಿ ಅಲ್ಲಿನ ಅಂತರರಾಷ್ಟ್ರೀಯ ವ್ಯಾಪಾರ ನ್ಯಾಯಾಲಯವು ಅದನ್ನು ಒಪ್ಪಿತು. ಗೊಂಬೆ ಮನುಷ್ಯನೋ ಅಲ್ಲವೋ ಎಂದು ವರ್ಷಗಟ್ಟಲೆ ವಾದಿಸಲು ಹಣವುಳ್ಳ ಕಂಪನಿಗೆ ಸಾಧ್ಯ. ನಮ್ಮ ಪೇಟೆಬೀದಿಯ ವರ್ತಕನಿಗೆ ಸಾಧ್ಯವೇ?

2011ರಿಂದ ಸರಕಿನ ವರ್ಗವನ್ನು ಆಮದುದಾರನೇ ಗುರುತಿಸಿ ಸುಂಕ ಲೆಕ್ಕ ಹಾಕಬೇಕು. ತಪ್ಪೆಂದು ಕಂಡರೆ ಇಲಾಖೆ ಎರಡು ವರ್ಷದ ಹಿಂದಿನ ಬಾಕಿಯನ್ನು ಕೇಳಬಹುದು. ಮರೆಮಾಚಿದನೆಂಬ ಆರೋಪವಿದ್ದರೆ ಐದು ವರ್ಷದ್ದನ್ನು. ಅಷ್ಟರಲ್ಲಿ ಸರಕು ಮಾರಿಹೋಗಿರುತ್ತದೆ. ಹಳೆಯ ಗಿರಾಕಿಯನ್ನು ಹುಡುಕಿ ಹೆಚ್ಚಿನ ಬೆಲೆ ವಸೂಲು ಮಾಡಲಾದೀತೇ? ಮೇಲ್ಮನವಿಗೆ ಹೋದರೆ ವಿವಾದದ ಸುಂಕದಲ್ಲಿ ಶೇಕಡ 7.5ನ್ನು ಮೊದಲೇ ಕಟ್ಟಬೇಕು. ನ್ಯಾಯಾಧಿಕರಣದಲ್ಲಿ ಸೋತರೆ ಮುಂದಿನ ದಾರಿ ನೇರವಾಗಿ ದಿಲ್ಲಿಯ ಸರ್ವೋಚ್ಚ ನ್ಯಾಯಾಲಯ. ಈ ಖರ್ಚಿಗೆ ಹೆದರಿ ನ್ಯಾಯ ತನ್ನ ಕಡೆಗಿದ್ದರೂ ಹಣ ಕಟ್ಟಿ ಸುಮ್ಮನಾಗುವವನು ಸಣ್ಣವನೇ. ಆ ಹೊರೆ ಕೊನೆಗೆ, ಸಂಬಳದ ದಿನ ಮಗುವಿಗೊಂದು ಆಟದ ಗಾಡಿ ಕೊಳ್ಳುವ ಗಿರಣಿ ಕಾರ್ಮಿಕನ ಮೇಲೆಯೇ ಬೀಳುತ್ತದೆ.

ಸರಕು ತರುವ ಮೊದಲೇ ತೀರ್ಮಾನ ಪಡೆಯುವ ಏರ್ಪಾಡು ಕಾನೂನಿನಲ್ಲಿದೆ ನಿಜ. ಆದರೆ 2021ರಲ್ಲಿ ಕೆಲಸ ಆರಂಭಿಸಿದ ಆ ಪ್ರಾಧಿಕಾರಗಳನ್ನು ಇರಿಸಿದ್ದು ದಿಲ್ಲಿ ಮತ್ತು ಮುಂಬಯಿಯಲ್ಲಿ.

ಆದ್ದರಿಂದ ನಮ್ಮ ಒತ್ತಾಯವಿಷ್ಟು: ಚಕ್ರ, ಕಣ್ಣು, ಕೀಲು, ಮೋಟಾರು ಯಾವ ವರ್ಗಕ್ಕೆ ಸೇರುತ್ತವೆಂಬ ಸ್ಪಷ್ಟ ಪಟ್ಟಿಯನ್ನು ಸರ್ಕಾರವು ಕನ್ನಡದಲ್ಲಿಯೂ ಪ್ರಕಟಿಸಲಿ. ಮುಂಗಡ ತೀರ್ಮಾನದ ಪೀಠವೊಂದು ಬೆಂಗಳೂರಿಗೆ ಬರಲಿ. ಇಲಾಖೆಯೇ ಹಿಂದೆ ಒಪ್ಪಿದ್ದ ವರ್ಗವನ್ನು ಬದಲಿಸಿದರೆ, ಅದು ಮುಂದೆ ಬರುವ ಸರಕಿಗೆ ಮಾತ್ರ ಅನ್ವಯಿಸಲಿ. ಇಲ್ಲಿ ಜೋಡಿಸುವುದಕ್ಕೆಂದು ತರುವ ಬಿಡಿಭಾಗಕ್ಕೆ ಸಿದ್ಧ ಆಟಿಕೆಗಿಂತ ಕಡಿಮೆ ಸುಂಕವಿರಲಿ.

ಸುಂಕ ಕೊಡುವುದಿಲ್ಲವೆಂದು ಯಾರೂ ಹೇಳುತ್ತಿಲ್ಲ. ಎಷ್ಟು ಕೊಡಬೇಕೆಂಬುದನ್ನು ಕೊಡುವ ಮೊದಲೇ ತಿಳಿಯುವ ಹಕ್ಕು ಪ್ರಜೆಗಿದೆ.